ಖಾಲಿ ಜಾಡಿ, ಚೀಟಿ ಸಹಿತ

ನಾನು ಇಲ್ಲಿಗೆ ಬಂದದ್ದು ಹೂವಿಗಲ್ಲ,
ಕುರಿಗೊಬ್ಬರ ಇಳಿಸಲು.
ಹನ್ನೆರಡು ಮೂಟೆ. ಒಂದು ಸಹಿ ಸಿಕ್ಕರೆ ಹೊರಟೆ.
ಸಹಿ ಹಾಕಬೇಕಾದ ಮರ್ಲ್ ಪೈಬಸ್
ಮಣ್ಣಲ್ಲಿ ಮೊಣಕಾಲೂರಿದ್ದಳು, ತಲೆಯೆತ್ತದೆ ಅಂದಳು:
“ಹೇಗೂ ನಿಂತಿದ್ದೀಯ, ಆ ಹಗ್ಗದ ತುದಿ ಹಿಡಿ.”
ಹಿಡಿದೆ.
ನಾಲ್ಕು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ಟಾಸ್ಮೇನಿಯಾದ ಬಡಗಣ ದಡ.
ಗಿರಣಿ ಮುಚ್ಚಿದ ಮೇಲೆ ಯಾವ ಕಾರೂ ನಿಲ್ಲದ ಕಾರು ನಿಲ್ದಾಣ,
ಟಾರು ಒಡೆದು ಮಾಡಿದ ತೋಟ.
ಕಡಲ ಗಾಳಿ ಬರಿಗೈಲಿ ಬರುವ ನೆಂಟನಲ್ಲ,
ದಿನಾ ಹಿಡಿಯಷ್ಟು ಉಪ್ಪು ತರುತ್ತದೆ.
ಜನವರಿಯಲ್ಲಿ ಡೇಲಿಯಾ ನನ್ನ ಎದೆಯೆತ್ತರ.
ಬಸ್ಸು ಓಡಿಸಿ ನಿವೃತ್ತನಾದ ಡೆಸ್ಮಂಡ್ ರೇನ್‌ಬರ್ಡ್
ಸಾಲುಗಳಿಗೆ ರೂಟ್ ನಂಬರ್ ಕೊಟ್ಟಿದ್ದಾನೆ:
“ಹದಿನಾಲ್ಕಕ್ಕೆ ನೀರು ತಡವಾಗಿದೆ!”

ಶೆಡ್ಡಿನ ಬಾಗಿಲಿಗೆ ಮರ್ಲ್ ಬರೆದ ನಿಯಮಗಳಿವೆ.
ಲಿಲ್ಲಿ ಬೇಡ: ಕೀಮೋ ಹೊಟ್ಟೆಗೆ ಆ ಘಮವೇ ವಾಕರಿಕೆ.
ಮುಳ್ಳು ಬೇಡ: ಕೆಲವರ ರಕ್ತ
ನಿಲ್ಲುವುದನ್ನು ಮರೆತಿರುತ್ತದೆ.
ಬರೀ ಬಿಳಿ ಬೇಡ. ಕಾರಣ ಬರೆದಿಲ್ಲ.
ಕೊನೆಯದಕ್ಕೆ ಎರಡು ಗೆರೆ ಎಳೆದಿದ್ದಾಳೆ:
ಜಾಡಿ ವಾಪಸು ಬರದಿದ್ದರೆ
ಯಾರದೆಂದು ಕೇಳಬಾರದು.

ಬುಧವಾರ, ಮೂವತ್ತೊಂದು ಜಾಮ್ ಜಾಡಿ, ನನ್ನ ಲಾರಿ.
ಆಸ್ಪತ್ರೆಯ ಕೆಳಮಹಡಿಗೆ ಮಾತ್ರ.
ಎರಡನೆಯ ಮಹಡಿಗೆ ಹೂ ಹತ್ತುವಂತಿಲ್ಲ.
ನಮಗೆ ಸೀನೂ ತರಿಸದ ಬೂಸ್ಟು
ಅಲ್ಲಿಯವರಿಗೆ ಸಿಡಿಲು.
“ಏಳನೆಯ ಹಾಸಿಗೆ ಕೇಳುತ್ತಿದೆ,” ಅಂದಳು ನರ್ಸ್ ನೆರಿಡಾ,
“ನಮ್ಮದೇನು ತಪ್ಪು ಅಂತ.”

ಮರ್ಲ್ ವಾರವಿಡೀ ಕಳೆ ಕಿತ್ತಳು, ಮಾತಿಲ್ಲ.
ಮುಂದಿನ ಬುಧವಾರ ಮೂವತ್ತೆರಡು ಜಾಡಿ.
ಒಂದು ಕುದಿಸಿದ್ದು, ಸ್ಪಿರಿಟ್ಟಿನಲ್ಲಿ ಒರೆಸಿದ್ದು, ಖಾಲಿ.
ಕುತ್ತಿಗೆಗೆ ದಾರ, ದಾರಕ್ಕೆ ಚೀಟಿ:
*ಇದರಲ್ಲಿ ಇರಬೇಕಾಗಿದ್ದದ್ದು
ನೀಲಿ ಕಾರ್ನ್‌ಫ್ಲವರ್, ಏಳು. ಒಂದರ ಕತ್ತು ಸೊಟ್ಟ.
ಎಂಟನೆಯದನ್ನು ಬಸವನಹುಳು ತಿಂದಿತು.*

ಡೆಸ್ಮಂಡ್ ನಕ್ಕ: ಗಾಳಿ ತುಂಬಿ ಕಳಿಸುವುದಕ್ಕೆ
ಪೆಟ್ರೋಲ್ ದಂಡ.
ಜಾಡಿ ವಾಪಸು ಬಂತು. ಚೀಟಿಯ ಬೆನ್ನಿಗೆ ನೀಲಿ ಪೆನ್ಸಿಲ್ಲು:
*ನಾನು ಬಸವನಹುಳುವಿನ ಪರ.*

ಮರ್ಲಳ ಬೆರಳಿಗೆ ಸಂಧಿವಾತ, ಹಾಗಾಗಿ
ಬರೆಯುವ ಕೆಲಸ ನನಗೆ ಬಿತ್ತು.
ತೂಕ, ತಾರೀಖು, ಸಹಿ ಬಿಟ್ಟು
ಏನೂ ಬರೆದು ಗೊತ್ತಿಲ್ಲದವನಿಗೆ.
“ಡೇಲಿಯಾ, ಕೆಂಪು” ಎಂದು ಬರೆದೆ.
ಉತ್ತರ ಬಂತು: *ಯಾವ ಕೆಂಪು?*
ಹೋಗಿ ಮತ್ತೆ ನೋಡಿದೆ. ಸಂಜೆಯವರೆಗೆ ನೋಡಿದೆ.
ಮಂಜಲ್ಲಿ, ಎರಡು ತಿರುವು ಮುಂದೆ,
ಯಾರದೋ ಲಾರಿಯ ಹಿಂದೀಪದ ಕೆಂಪು.
*ಇದು ಕಂಡಿತು,* ಅಂತ ಬಂತು.

ಹೀಗೇ ಗಸಗಸೆ ಹೂ: ಪೆಟ್ಟಿಗೆಯಿಂದ ಈಗಷ್ಟೆ ತೆಗೆದ
ಇಸ್ತ್ರಿಯಿಲ್ಲದ ಅಂಗಿ.
ಹೀಗೇ ಬಸವನಹುಳುವಿನ ದಿನಚರಿ,
ಅದು ಸಾಲು ಒಂಬತ್ತರಿಂದ ಹದಿನಾಲ್ಕಕ್ಕೆ ಹೋದದ್ದು,
ಟಿಕೆಟ್ ಇಲ್ಲದೆ.

ಏಪ್ರಿಲ್‌ನಲ್ಲಿ ಜಾಡಿ ಬರಲಿಲ್ಲ.

ಎರಡು ಬುಧವಾರ ಬರಲಿಲ್ಲ.
ನೆರಿಡಾ ಕಣ್ಣು ತಪ್ಪಿಸಿದಳೋ, ಕೆಲಸವಿತ್ತೋ.
ನಾನು ಶೆಡ್ಡಿನ ಬಾಗಿಲನ್ನು ಓದಿಕೊಂಡೆ, ಎರಡು ಗೆರೆಯವರೆಗೂ.
ಮರ್ಲ್ ಡೇಲಿಯಾ ಗೆಡ್ಡೆ ಅಗೆದು
ಮರದ ಹೊಟ್ಟಿನಲ್ಲಿ ಮಲಗಿಸಿದಳು,
ಒಂದೊಂದಕ್ಕೂ ಹೆಸರಿಟ್ಟು.
ಕೊಳೆತದ್ದನ್ನು ಬೆರಳಿಂದ ಒತ್ತಿ ನೋಡಿ
ಬೇರೆ ಇಟ್ಟಳು.

ಮೂರನೆಯ ಬುಧವಾರ ಬಂತು, ತೊಳೆದು, ಒಣಗಿಸಿ.
ಚೀಟಿಯ ಮೇಲೆ ಎಡಕ್ಕೆ ವಾಲಿದ ಅಕ್ಷರ,
ಪೆನ್ಸಿಲ್ಲಲ್ಲ, ಪೆನ್ನು:
*ಬಸವನಹುಳು ಹೇಗಿದೆ?*

ಅದೇ ಕೈಯೇ, ಬಲಗುಂದಿದ್ದೇ?
ಅದೇ ಹಾಸಿಗೆಗೆ ಬಂದ ಬೇರೆ ಯಾರೋ,
ಗೋಡೆಗಂಟಿದ ಹಳೆಯ ಚೀಟಿಗಳನ್ನು ಓದಿದವರೋ?
ಮರ್ಲ್ ಕಡೆ ನೋಡಿದೆ.
ಅವಳು ನನ್ನತ್ತ ಪೆನ್ಸಿಲ್ ಉರುಳಿಸಿದಳು.

ತೋಟದಲ್ಲಿ ಬಣ್ಣವೆಂಬುದೇ ಇಲ್ಲ, ಮಳೆ ಅಡ್ಡ ಹೊಡೆಯುತ್ತಿತ್ತು.
ಟಾರ್ಚು ಹಿಡಿದು ಹೋಗಿ ಹಲಗೆಗಳನ್ನೆತ್ತಿದೆ.
ಬಂದು ಬರೆದೆ:
*ಸಾಲು ಹದಿನಾಲ್ಕು, ಮೂರನೆಯ ಹಲಗೆಯ ಕೆಳಗೆ.
ಚಿಪ್ಪಿನ ಬಾಯಿಗೆ ತೆಳ್ಳಗೆ ಪೊರೆ ಕಟ್ಟಿ
ಬಾಗಿಲು ಹಾಕಿಕೊಂಡಿದೆ.
ನಾನು ತಟ್ಟಲಿಲ್ಲ.*

ದಾರ ಒದ್ದೆಯಾಗಿತ್ತು.
ಬೇರೆ ದಾರ ಹುಡುಕಿ ಕಟ್ಟಿದೆ.